ಕಾಲು ಮುದ್ದೆಯ ಲೆಕ್ಕ

ಸೀನಪ್ಪನ ಮುದ್ದೆ ಎಂದರೆ ಕೆಜಿಎಫ್‌ನ ಆ ಕಾರ್ಖಾನೆ ಕ್ಯಾಂಟೀನಿನಲ್ಲಿ ಒಂದು ಹೆಸರು. ತಟ್ಟೆಗೆ ಬಿಟ್ಟರೆ ಉರುಳಬೇಕು, ಬೆರಳು ತಾಕಿಸಿದರೆ ಬೆಣ್ಣೆಯ ಹಾಗೆ ಒಳಗಿಳಿಯಬೇಕು, ಹಾಗಿರುತ್ತಿತ್ತು. ಗಾತ್ರವೋ, ನೋಡಿದವರು ಒಮ್ಮೆ ಬೆಲ್ಟು ಸಡಿಲಿಸಿಕೊಂಡೇ ಕೂರಬೇಕು. ಪಾತ್ರೆ ತೊಳೆಯುವ ಪೆರುಮಾಳ್ ದಿನಾ ಅದನ್ನೇ ಆಡಿಕೊಳ್ಳುತ್ತಿದ್ದ: "ಸೀನಣ್ಣೇ, ಇದು ಮುದ್ದೆ ಅಲ್ಲ. ಸೈನೈಡ್ ದಿಬ್ಬ ಕಿತ್ಕಂಡ್ ಬಂದು ತಟ್ಟೇಲಿ ಇಟ್ಟಿದೀಯ." ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ಗುಡ್ಡಗಳಿಗೆ ಆ ಊರಲ್ಲಿ ಅದೇ ಹೆಸರು.

ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಯಾರಾದರೂ ಅಂದರೆ ಮಾತ್ರ ಕಥೆ ಮುಗಿಯಿತು. ಹಿಟ್ಟು ತಿರುವುವ ಕೋಲು ಹಿಡಿದುಕೊಂಡೇ ಸೀನಪ್ಪ ಹೊರಗೆ ಬರುತ್ತಿದ್ದ. "ಎಲ್ಲಿ, ತೋರ್ಸು. ನನ್ ಮುದ್ದೇಲೈತೋ, ನಿನ್ ಗಂಟಲಲ್ಲೈತೋ ನೋಡೇ ಬಿಡಾಣ." ಗಂಟು ನಿಜವಾಗಿ ಸಿಕ್ಕಿದ್ದರೆ ಆ ದಿನವೆಲ್ಲ ತನ್ನ ಮೇಲೇ ಸಿಡಿಮಿಡಿ.

ಬಂಗಾರಪೇಟೆಯ ಹತ್ತಿರದ ಹಳ್ಳಿಯವನು. ಒಂದು ಎಕರೆ ಚಿಲ್ಲರೆ ಹೊಲ, ಒಂದು ಹಸು. ನಾಲ್ಕನೇ ಕ್ಲಾಸಿನವರೆಗೆ ಸ್ಕೂಲಿಗೆ ಹೋಗಿದ್ದ. ಅಲ್ಲಿ ಮೇಷ್ಟ್ರು ಭಾಗಾಕಾರ ಕಲಿಸುತ್ತಿದ್ದುದು ಹುಣಸೆ ಬೀಜದಲ್ಲಿ. ಹನ್ನೆರಡು ಬೀಜ ಕೊಟ್ಟು, ನಾಲ್ಕು ಹುಡುಗರನ್ನು ಸಾಲಾಗಿ ಕೂರಿಸಿ, "ಹಂಚೋ" ಎನ್ನುತ್ತಿದ್ದರು. ಹಂಚಿದ ಮೇಲೆ ಒಬ್ಬೊಬ್ಬನ ಕೈಯಲ್ಲಿ ಮೂರೇ. ಭಾಗಿಸುವುದೆಂದರೆ ಕೈಯಲ್ಲಿರುವುದು ಕಮ್ಮಿಯಾಗುವುದು ಎಂದು ಸೀನಪ್ಪನ ತಲೆಯಲ್ಲಿ ಕೂತುಬಿಟ್ಟಿತು. ತಪ್ಪೇನೂ ಅಲ್ಲ ಅದು. ಮುಂದೆ ಅಪ್ಪನ ಹೊಲ ಅಣ್ಣತಮ್ಮಂದಿರ ನಡುವೆ ಭಾಗವಾದಾಗಲೂ ಅದೇ ಆಯಿತು. ಭಿನ್ನರಾಶಿ ಬರುವುದು ಐದನೇ ಕ್ಲಾಸಿನಲ್ಲಂತೆ. ಆ ಹೊಸ್ತಿಲು ಅವನು ತುಳಿಯಲಿಲ್ಲ.

ಹುಡುಗನಾಗಿದ್ದಾಗಲೇ ಕೆಜಿಎಫ್‌ನ ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಗಳ ಹತ್ತಿರದ ಒಂದು ಮೆಸ್ಸಿಗೆ ಸೇರಿಕೊಂಡ. ಗಣಿಯಿಂದ ಮೇಲೆ ಬಂದವರು ಕೈ ಕಾಲು ತೊಳೆದು ಪಂಕ್ತಿ ಕೂತರೆ ಮುದ್ದೆ ಬಿಸಿ ಇರಬೇಕು, ದೊಡ್ಡದಿರಬೇಕು. ಅವನ ಕೈ ಆ ಗಾತ್ರಕ್ಕೆ ಒಗ್ಗಿಹೋಯಿತು. ಗಣಿ ಮುಚ್ಚಿತು, ಮೆಸ್ಸೂ ಮುಚ್ಚಿತು, ಕೈ ಮಾತ್ರ ಹಾಗೇ ಉಳಿಯಿತು. ಕಾರ್ಖಾನೆಯ ಕ್ಯಾಂಟೀನು ಆ ಕೈಯನ್ನು ನೋಡಿಯೇ ಅವನನ್ನು ಸೇರಿಸಿಕೊಂಡದ್ದು. ದಿನಾ ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿ ಹತ್ತಿ, ಕೋರಮಂಡಲ್ ದಾಟಿ, ಉರಿಗಾಂನಲ್ಲಿ ಇಳಿದು ನಡೆದುಹೋಗುತ್ತಿದ್ದ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು.

ಮನೆಯಲ್ಲಿ ಹೆಂಡತಿ ಆದಿಲಕ್ಷ್ಮಿ. ಮಗಳು ಲಿಖಿತ ಮದುವೆಯಾಗಿ ಮುಳಬಾಗಿಲಿನಲ್ಲಿದ್ದಳು. ಸೀನಪ್ಪನ ಸಿಟ್ಟಿಗೆ ಜಗತ್ತಿನಲ್ಲಿ ಹೆದರದ ಜೀವ ಒಂದಿದ್ದರೆ ಅದು ಆದಿಲಕ್ಷ್ಮಿಯೇ. ಅವನು ಕೂಗಾಡುವಾಗ ಅವಳು ಸೊಪ್ಪು ಬಿಡಿಸುತ್ತಾ ಕೂತಿರುವಳು. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ಆಯ್ತಾ? ಇನ್ನೂ ಐತಾ?" ಎಂದು ಕೇಳುವಳು. ಅಷ್ಟಕ್ಕೇ ಅವನ ಗಾಳಿ ಇಳಿಯುತ್ತಿತ್ತು.

ಆ ಆದಿಲಕ್ಷ್ಮಿಗೆ ಹೊಟ್ಟೆಯಲ್ಲಿ ಹುಣ್ಣು. ವರ್ಷಗಟ್ಟಲೆ ಸೋಡಾ, ಜೀರಿಗೆ ಕಷಾಯ ಎಂದು ತಳ್ಳಿಕೊಂಡು ಬಂದವಳು ಒಂದು ದಿನ ಹಸುವಿನ ಹಾಲು ಕರೆಯುವಲ್ಲೇ ರಕ್ತ ಕಾರಿಕೊಂಡು ಬಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಜಠರದ ಮುಕ್ಕಾಲು ಪಾಲು ತೆಗೆದುಬಿಟ್ಟರು. ಜೀವ ಉಳಿಯಿತು.

ಕೆಲವು ವಾರ ಗಂಜಿ, ಮಜ್ಜಿಗೆ. ಆಮೇಲೆ ಮೆತ್ತಗಿನ ಮುದ್ದೆ ಕೊಡಬಹುದು ಎಂದರು. ವಾರ್ಡಿನ ನರ್ಸು ಕಲ್ಪನ ಸೀನಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದಳು: "ನೋಡಿ, ದಿನಕ್ಕೆ ಎರಡು ಮುದ್ದೆಯಷ್ಟು ಒಳಗೆ ಹೋಗ್ಬೇಕು. ಆದ್ರೆ ಮೊದಲಿನ ಹಾಗಲ್ಲ. ಕಾಲು ಕಾಲು ಮಾಡಿ ಕೊಡಿ. ಅವರ ಹೊಟ್ಟೆ ಈಗ ಚಿಕ್ಕದು."

"ಆಯ್ತು ಕಣಮ್ಮ. ನೀವ್ ಏಳ್ದಂಗೇ" ಎಂದ ಸೀನಪ್ಪ.

ಎರಡು ಮುದ್ದೆ ಎಂದರೆ ಅವರ ಮನೆಯಲ್ಲಿ ಬೆಳಿಗ್ಗೆಗೊಂದು, ರಾತ್ರಿಗೊಂದು. ಅದನ್ನು ಕಾಲು ಮಾಡು ಎಂದರೆ ಬೆಳಿಗ್ಗೆ ಕಾಲು, ರಾತ್ರಿ ಕಾಲು. ಹೊಟ್ಟೆಯನ್ನು ಕೊಯ್ದು ಕಮ್ಮಿ ಮಾಡಿದ್ದಾರೆ, ಕೂಳನ್ನೂ ಅಷ್ಟೇ ಕಮ್ಮಿ ಮಾಡಬೇಕು. ಇದರಲ್ಲಿ ಕೇಳುವುದಕ್ಕೆ ಏನಿದೆ ಎಂದು ಅವನು ಮತ್ತೆ ಕೇಳಲೂ ಇಲ್ಲ.

ಮೊದಲ ದಿನ ಒಂದು ಮುದ್ದೆ ಕಟ್ಟಿ, ಒದ್ದೆ ಕೈಯಲ್ಲಿ ಮುರಿದು, ಕಾಲು ಭಾಗವನ್ನು ಅವಳ ತಟ್ಟೆಗೆ ಇಟ್ಟ. ಆದಿಲಕ್ಷ್ಮಿ ಅದನ್ನೇ ನೋಡುತ್ತಾ ಕೂತಳು. ಆ ಮನೆಯಲ್ಲಿ ಮುರಿದ ಮುದ್ದೆಯನ್ನು ಮನುಷ್ಯರ ತಟ್ಟೆಗೆ ಬಡಿಸುವ ಪದ್ಧತಿ ಇರಲಿಲ್ಲ. ಉಂಡು ಉಳಿದದ್ದನ್ನು ಮುರಿಯುವುದು ಹಸುವಿನ ಕಲಗಚ್ಚಿನ ಬಾನಿಗೆ, ಇಲ್ಲವೇ ಬಾಗಿಲಲ್ಲಿ ನಿಂತ ನಾಯಿಗೆ. ಬೀಗರು ಬಂದು ಹಿಟ್ಟು ಸಾಲದಾದಾಗಲೂ ಚಿಕ್ಕದಾದರೂ ಸರಿ, ಇಡೀ ಮುದ್ದೆಯನ್ನೇ ಇಡುತ್ತಿದ್ದರು.

"ಮುರಿದಿದ್ದು ಇಕ್ಕಿದೀಯಲ್ಲ" ಎಂದಳು.

"ನರ್ಸಮ್ಮ ಕಾಲು ಅಂದವ್ಳೆ."

"ಅಂದ್ರೆ ನಾನೇನ್ ನಾಯಾ?"

"ಲೇ, ಉಣ್ಣು ಅಂದ್ರೆ ಉಣ್ಣು! ಆಸ್ಪತ್ರೇಲಿ ಬಿದ್ದಿದ್ದು ಸಾಕಾಗಿಲ್ವಾ ನಿಂಗೆ?"

ಅವಳು "ಆಯ್ತಾ? ಇನ್ನೂ ಐತಾ?" ಎನ್ನಲಿಲ್ಲ. ಎರಡು ತುತ್ತು ನುಂಗಿ ತಟ್ಟೆ ಸರಿಸಿದಳು.

ದಿನಗಳು ಹಾಗೇ ಉರುಳಿದವು. ಒಮ್ಮೆ ಸಂಜೆ, ಅವನು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಅವಳು ಮೆಲ್ಲಗೆ, "ಒಟ್ಟೆ ಒಂಥರಾ ಆಯ್ತಾ ಐತೆ. ಈಗ್ಲೇ ಒಂಚೂರು ತಿನ್ಲಾ?" ಎಂದಳು. ಸೀನಪ್ಪನಿಗೆ ಆಸ್ಪತ್ರೆಯ ಹಾಸಿಗೆ ಕಣ್ಣಿಗೆ ಕಟ್ಟಿತು. "ಬ್ಯಾಡ! ರಾತ್ರಿ ಕಾಲು ಐತಲ್ಲ, ಅದೇ. ಜಾಸ್ತಿ ಆಗಿ ಒಟ್ಟೆ ಒಲಿಗೆ ಬಿಚ್ಕಂಡ್ರೆ ಏನ್ ಮಾಡ್ತೀಯ?" ಅವಳು ಮತ್ತೆ ಕೇಳಲಿಲ್ಲ. ಅವನು ಅವಳನ್ನು ಕಾಯುತ್ತಿದ್ದ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಅವಳು ಅವನ ಕಣ್ಣೆದುರೇ ಕರಗುತ್ತಿದ್ದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪಕ್ಕದ ಮನೆಯ ಮುನಿಗಂಗಮ್ಮ ಹಸು ಕರೆದುಕೊಡಲು ಬಂದವಳು, "ಏನಪ್ಪ ಸೀನಾ, ಊರ್ಗೆಲ್ಲ ಮುದ್ದೆ ಆಕ್ತೀಯ, ಎಂಡ್ತಿ ನೋಡಿದ್ರೆ ಒಣಗಿದ ತೊಗರಿ ಕಡ್ಡಿ ಆಗವ್ಳೆ" ಎಂದದ್ದಕ್ಕೆ ಅವಳ ಮೇಲೂ ಹರಿಹಾಯ್ದ.

ಚೆಕಪ್ಪಿಗೆ ಹೋದಾಗ ತೂಕ ಇನ್ನೂ ಇಳಿದಿತ್ತು. ನರ್ಸು ಕಲ್ಪನ ಹುಬ್ಬು ಗಂಟಿಕ್ಕಿದಳು.

"ನಾನು ಹೇಳಿದ ಹಾಗೇ ಕೊಡ್ತಿದ್ದೀರಾ?"

"ಹೂಂ."

"ಕಾಲು ಕಾಲೇ ತಾನೇ?"

"ಕಾಲಿಗಿಂತ ಒಂದ್ ತುತ್ತು ಜಾಸ್ತಿ ಕೊಟ್ಟಿದ್ರೆ ಕೇಳಿ! ನಾನೇ ನಿಂತು ಉಣಿಸ್ತೀನಿ."

ಸೀನಪ್ಪನ ದನಿಗೆ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಕಲ್ಪನಳಿಗಾಗಿ ಇನ್ನೂ ಅಷ್ಟು ಜನ ರೋಗಿಗಳು ಕಾಯುತ್ತಿದ್ದರು. "ಹಾಗಾದ್ರೆ ಮುಂದಿನ ತಿಂಗಳು ನೋಡೋಣ. ಆಗಲೂ ಇಳಿದಿದ್ರೆ ಅಡ್ಮಿಟ್ ಮಾಡಿ ಊಟಕ್ಕೆ ಮೂಗಿನಲ್ಲಿ ಪೈಪ್ ಹಾಕ್ತಾರಮ್ಮ, ಬೇರೆ ದಾರಿ ಇಲ್ಲ" ಎಂದು ಆದಿಲಕ್ಷ್ಮಿಗೆ ಹೇಳಿದಳು.

ಬಸ್ಸಿನಲ್ಲಿ ಆದಿಲಕ್ಷ್ಮಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ಆಪರೇಷನ್ ಆದಾಗ ಪಕ್ಕದ ಹಾಸಿಗೆಯ ಮುದುಕಿಗೆ ಆ ಪೈಪು ಹಾಕಿದ್ದನ್ನು ಅವಳು ನೋಡಿದ್ದಳು. ಆ ಮುದುಕಿ ಮನೆಗೆ ಹೋಗಿರಲಿಲ್ಲ.

"ಪೈಪ್ ಮಾತ್ರ ಬ್ಯಾಡ ಕಣಯ್ಯ. ಅದಕ್ಕಿಂತ ಇಂಗೇ ಓಗ್ಬಿಡ್ತೀನಿ" ಎಂದಳು.

ಬೇರೆ ದಿನವಾಗಿದ್ದರೆ ಸೀನಪ್ಪ ಕೂಗುತ್ತಿದ್ದ. ಅಂದು ಅವಳ ಜಾರಿದ ಬಳೆಯನ್ನು ಮಣಿಕಟ್ಟಿಗೆ ಇಳಿಸಿ, ಅಲ್ಲೇ ಹಿಡಿದುಕೊಂಡು ಕೂತ.

ಅದಾದ ಮೇಲೆ ಕ್ಯಾಂಟೀನಿನಲ್ಲಿ ಅವನ ಸಿಟ್ಟು ಯಾರಿಗೂ ತಡೆಯಲಾಗದ ಹಾಗಾಯಿತು. ಪೆರುಮಾಳ್ ಕೂಡ ಆಡಿಕೊಳ್ಳುವುದನ್ನು ಬಿಟ್ಟ. ಒಬ್ಬನೇ ಒಬ್ಬ, ಸ್ಟೋರಿನ ಹೆಲ್ಪರ್ ಸುಧಾಕರ್, ಊಟ ಮುಗಿದು ಎಲ್ಲರೂ ಎದ್ದುಹೋದ ಮೇಲೂ ಮೂಲೆಯ ಮೇಜಿನಲ್ಲಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದ. ಹಾವೇರಿ ಕಡೆಯವನು, ರೊಟ್ಟಿ ತಿಂದು ಬೆಳೆದವನು, ಕೆಲಸಕ್ಕೆಂದು ಇಲ್ಲಿಗೆ ಬಂದು ಮುದ್ದೆಗೆ ಒಗ್ಗಿಕೊಂಡಿದ್ದ. ಮೇಲಿನ ಹುದ್ದೆಗೆ ಕಾರ್ಖಾನೆಯ ಒಳಗೇ ಒಂದು ಪರೀಕ್ಷೆ ಇತ್ತು. ಅದರಲ್ಲಿ ಲೆಕ್ಕದ ಭಾಗ ಅವನನ್ನು ಒಮ್ಮೆ ಮಣ್ಣು ಮುಕ್ಕಿಸಿತ್ತು.

ಆ ಮಧ್ಯಾಹ್ನ ಸೀನಪ್ಪ ಮೇಜು ಒರೆಸುತ್ತಾ ಬಂದು ಅವನ ಪುಸ್ತಕದ ಹತ್ತಿರ ಬಟ್ಟೆ ಬಡಿದ. "ಏಳಯ್ಯಾ. ಇದು ಇಸ್ಕೂಲಾ?"

"ಒಂದ ಲೆಕ್ಕ ಐತ್ರಿ ಸೀನಣ್ಣ, ಮುಗಿಸಿ ಏಳ್ತೀನಿ. ತಲಿ ಕೆಟ್ಟೈತಿ."

"ಏನದು?"

"ಎರಡನ್ನ ಕಾಲಿನಿಂದ ಭಾಗಿಸು ಅಂದಾನ್ರಿ."

"ಎರಡರಲ್ಲಿ ಕಾಲು ಭಾಗ ಅಂದ್ರೆ ಅರ್ಧ. ಇದಕ್ಕೆ ಪುಸ್ತಕ ಬೇಕಾ?"

"ನಾನೂ ಅರ್ಧಾನ ಬರದೀನ್ರಿ. ಹಿಂದಿನ ಪುಟದಾಗ ಉತ್ತರ ಎಂಟು ಅಂತ ಐತಿ."

ಸೀನಪ್ಪ ಬಟ್ಟೆ ಕೆಳಗೆ ಬಿಟ್ಟ. "ಎಂಟಾ? ಎರಡನ್ನ ಭಾಗ ಮಾಡಿದ್ರೆ ಎಂಟು ಆಯ್ತದಾ? ಏನ್ ಪುಸ್ತಕಾನಯ್ಯಾ ಅದು! ನಮ್ಮಪ್ಪನ ಒಲ ಭಾಗ ಆಯ್ತಲ್ಲ, ನಾಲ್ಕು ಎಕ್ರೆ ಇದ್ದಿದ್ದು ಅದಿನಾರು ಆಯ್ತಾ? ಅಂಗಾಗಿದ್ರೆ ನಾನ್ಯಾಕೆ ಇಲ್ಲಿ ನಿನ್ ಎಂಜಲು ಒರೆಸ್ತಿದ್ದೆ?"

ಪಾತ್ರೆ ತೊಟ್ಟಿಯ ಹತ್ತಿರದಿಂದ ಪೆರುಮಾಳ್ ಕೂಗಿದ: "ಸೀನಣ್ಣೇ, ಆ ಪುಸ್ತಕ ಬರ್ದೋನ್ನ ನಿಮ್ಮೂರ್ಗೆ ಕರ್ಕೊಂಡೋಗಿ ಇನ್ನೊಂದ್ಸಲ ಭಾಗ ಮಾಡ್ಸು!"

"ಹಂಗ ಮಾಡೋ ರೀತಿ ಗೊತ್ತೈತ್ರಿ" ಎಂದ ಸುಧಾಕರ್. "ಕೆಳಗಿಂದು ಮ್ಯಾಲೆ, ಮ್ಯಾಲಿಂದು ಕೆಳಗ, ತಲಿಕೆಳಗ ಮಾಡಿ ಗುಣಿಸೋದು. ಎರಡ ನಾಲ್ಕಲಿ ಎಂಟು. ಆದ್ರ ಯಾಕ ತಲಿಕೆಳಗ ಮಾಡಬೇಕು ಅಂತ ಯಾರೂ ಹೇಳಿಲ್ರಿ. ಅದಕ್ಕ ಪರೀಕ್ಷೆದಾಗ ಮರತ ಹೋಗತೈತಿ."

"ಯಾಕೆ ಅಂತ ಗೊತ್ತಿಲ್ದೆ ತಲೆಕೆಳಗು ಮಾಡೋದು ಏನು ಲೆಕ್ಕ ಅದು? ದೊಂಬರಾಟ!"

ಸೀನಪ್ಪನಿಗೆ ರೇಗಿಹೋಯಿತು. ಪುಸ್ತಕದ ಮೇಲೆ ರೇಗಿದ್ದೋ, ಆಸ್ಪತ್ರೆಯ ಮೇಲೋ, ಅವನಿಗೇ ಗೊತ್ತಿಲ್ಲ. ಒಳಗೆ ಹೋದ. ತನಗೂ ಪೆರುಮಾಳನಿಗೂ ಎಂದು ಎತ್ತಿಟ್ಟಿದ್ದ ಎರಡು ಮುದ್ದೆಗಳನ್ನು ತಟ್ಟೆ ಸಮೇತ ತಂದು ಸುಧಾಕರನ ಮುಂದೆ ಕುಕ್ಕಿದ.

"ತಗೋ. ಇಲ್ಲೇ ಮಾಡು. ಎಂಟು ಮುದ್ದೆ ಮಾಡಿ ತೋರ್ಸು. ತೋರಿಸ್ದಿದ್ರೆ ನಾಳೆಯಿಂದ ನಿಂಗೆ ಬರೀ ಸಾರು."

ಸುಧಾಕರ್ ನಗುತ್ತಲೇ ಕೈ ಒದ್ದೆ ಮಾಡಿಕೊಂಡ. ಒಂದು ಮುದ್ದೆಯನ್ನು ನಾಲ್ಕು ಮಾಡಿದ, ಇನ್ನೊಂದನ್ನೂ ನಾಲ್ಕು ಮಾಡಿದ. ರೊಟ್ಟಿ ನಾಡಿನವನ ಕೈ, ತುಂಡುಗಳು ಅಂಕುಡೊಂಕು. ಸೀನಪ್ಪನಿಗೆ ನೋಡಲಾಗಲಿಲ್ಲ. "ಥೂ, ಮುದ್ದೆ ಮರ್ಯಾದೆ ತೆಗೀಬ್ಯಾಡ" ಎನ್ನುತ್ತಾ ತಾನೇ ಒಂದೊಂದನ್ನು ಎತ್ತಿ ಅಂಗೈಯಲ್ಲಿ ಉರುಳಿಸಿ ತಟ್ಟೆಯಲ್ಲಿಟ್ಟ. ನಿಂಬೆಹಣ್ಣಿನಷ್ಟು ಗಾತ್ರದವು, ನುಣ್ಣಗೆ, ದುಂಡಗೆ.

"ಎಂಟಾದ್ವು ನೋಡ್ರಿ" ಎಂದ ಸುಧಾಕರ್.

"ಆದ್ವು. ಆದ್ರೂ ಎರಡೇ ಮುದ್ದೆ ತಾನೆ? ಇಟ್ಟು ಜಾಸ್ತಿ ಎಲ್ಲಾಯ್ತು?"

ಸುಧಾಕರ್ ತಟ್ಟೆಯನ್ನು ನೋಡಿದ, ಪುಸ್ತಕವನ್ನು ನೋಡಿದ. "ಹಿಟ್ಟು ಜಾಸ್ತಿ ಆಗಿಲ್ರಿ... ಸಲ ಜಾಸ್ತಿ ಆಗೈತಿ."

"ಅಂದ್ರೆ?"

"ನಾವು ಎರಡರಾಗ ಕಾಲು ಪಾಲು ಎಷ್ಟು ಅಂತ ನೋಡಾಕತ್ತಿದ್ವಿ. ಅದು ಅರ್ಧಾನ, ನೀವು ಹೇಳಿದ್ದು ಖರೆ. ಆದ್ರ ಈ ಪುಸ್ತಕದ ಮನಷ್ಯಾ ಅದನ್ನ ಕೇಳೇ ಇಲ್ರಿ. ಎರಡು ಮುದ್ದಿ ಐತಿ, ಒಂದೊಂದು ಸಲ ಕಾಲು ಕಾಲು ಕೊಟ್ಟರ ಎಷ್ಟು ಸಲ ಕೊಡಬಹುದು ಅಂತ ಕೇಳಾಕತ್ತಾನ. ಒಂದು ಮುದ್ದ್ಯಾಗ ನಾಕು ಸಲ. ಎರಡಕ್ಕ ಎಂಟು ಸಲ. ಅದಕ್ಕ ನಾಕರಿಂದ ಗುಣಿಸೋದು! ಏ ಸೀನಣ್ಣ, ಇದ ನೋಡ್ರಿ ತಲಿಕೆಳಗ ಮಾಡೋದು! ಇಷ್ಟ ಐತಿ!"

ಸುಧಾಕರ್ ಮೇಜು ಬಡಿದು ನಕ್ಕ. ಸೀನಪ್ಪ ನಗಲಿಲ್ಲ.

ಜನ ಜಾಸ್ತಿ ಬಂದ ದಿನ ಅದೇ ಡಬರಿ ಹಿಟ್ಟಿನಲ್ಲಿ ಅವನು ಎಷ್ಟು ಸಲ ಮುದ್ದೆ ಚಿಕ್ಕದು ಮಾಡಿ ಲೆಕ್ಕ ಹೆಚ್ಚಿಸಿಲ್ಲ? ಚಿಕ್ಕದಾದಷ್ಟೂ ಹೆಚ್ಚು ತಟ್ಟೆ. ಕೈಗೆ ಅದು ಗೊತ್ತಿತ್ತು. ಅದನ್ನು ಭಾಗಾಕಾರ ಎಂದು ಯಾರೂ ಕರೆದಿರಲಿಲ್ಲ, ಅವನೂ ಕರೆದಿರಲಿಲ್ಲ. ಭಾಗಿಸುವುದೆಂದರೆ ಅವನ ಪಾಲಿಗೆ ಆ ಹುಣಸೆ ಬೀಜ, ಆ ಹೊಲ. ಬರೀ ಕಮ್ಮಿ.

ದಿನಕ್ಕೆ ಎರಡು ಮುದ್ದೆಯಷ್ಟು ಒಳಗೆ ಹೋಗ್ಬೇಕು, ಕಾಲು ಕಾಲು ಮಾಡಿ ಕೊಡಿ.

ನರ್ಸಮ್ಮ ಹೇಳಿದ್ದು ಇಷ್ಟು ದಿನದ ಮೇಲೆ ಈಗ ಕಿವಿಗೆ ಬಿದ್ದಂತಾಯಿತು. ಎಂಟು ಸಲ. ಎಂಟು ಸಲ ಕೊಡು ಎಂದಿದ್ದಳು ಆಯಮ್ಮ. ಇವನು ಎರಡೇ ಸಲ ಕೊಟ್ಟಿದ್ದ. ಎರಡು ಮುದ್ದೆ ಹೋಗಬೇಕಾದ ಕಡೆ ಅರ್ಧ ಹೋಗಿತ್ತು. ಅದನ್ನೂ ಮುರಿದು ಇಟ್ಟಿದ್ದ. ಅವಳು ಬಾಯಿ ಬಿಟ್ಟು ಕೇಳಿದಾಗ ಬ್ಯಾಡ ಎಂದಿದ್ದ.

"ಏನಾತ್ರಿ ಸೀನಣ್ಣ?" ಎಂದ ಸುಧಾಕರ್.

"ನಾನು ಅವಳ್ನ ಉಪವಾಸ ಕೆಡವಿದೀನಿ ಕಣಯ್ಯಾ" ಎಂದ ಸೀನಪ್ಪ. ಕಣ್ಣಲ್ಲಿ ನೀರು ಬಂದದ್ದು ಗೊತ್ತಾಗಿ ಅದೇ ಮೇಜು ಒರೆಸುವ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. "ಪೆರುಮಾಳಾ! ಸಂಜೆ ಟೀ ನೀನೇ ನೋಡ್ಕೋ. ನಾನು ಊರಿಗೆ ಓಯ್ತೀನಿ."

"ಯಾರಿಗೆ ಏನಾಯ್ತಣ್ಣೇ?"

"ಯಾರಿಗೂ ಏನೂ ಆಗಿಲ್ಲ. ಆಗ್ಬಾರ್ದು ಅಂತಾನೇ ಓಗ್ತಿರೋದು!"

ಗಾಡಿಯ ಹೊತ್ತಲ್ಲ ಅದು. ಸಿಕ್ಕಿದ ಆಟೋ, ಆಮೇಲೆ ಬಸ್ಸು, ಆಮೇಲೆ ನಡಿಗೆ. ಮನೆಗೆ ಬಂದಾಗ ಆದಿಲಕ್ಷ್ಮಿ ಜಗಲಿಯ ಬಿಸಿಲಲ್ಲಿ ಗೋಡೆಗೊರಗಿ ಕೂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಗಂಡನನ್ನು ಕಂಡು ಗಾಬರಿಯಾದಳು. "ಯಾರ್ಜತೆ ಜಗಳ ಆಡ್ಕಂಡ್ ಬಂದೆ? ಕೆಲಸದಿಂದ ತೆಗೆದ್ರಾ?"

ಅವನು ನೆಟ್ಟಗೆ ಒಳಗೆ ಹೋಗಿ ಎಸರಿಟ್ಟ. ಹಿಟ್ಟು ಹಾಕಿ, ಬೇಯಲು ಬಿಟ್ಟು, ಕೋಲಿಗೆ ಹೆಗಲು ಕೊಟ್ಟು ತಿರುವಿದ. ಎಂದಿಗಿಂತ ಮೆತ್ತಗೆ ಮಾಡಿದ. ಇಷ್ಟೇ ಇಷ್ಟು ಹಿಟ್ಟು ತೆಗೆದು ಅಂಗೈಯಲ್ಲಿ ಉರುಳಿಸಿದ. ದೊಡ್ಡ ಮುದ್ದೆಗೆ ಒಗ್ಗಿದ ಕೈ, ಇಷ್ಟು ಮೆತ್ತಗಿನ ಬಿಸಿ ಹಿಟ್ಟಿನಲ್ಲಿ ಚಿಕ್ಕದು ಕಟ್ಟಲು ಬೆರಳುಗಳು ಒಂದಕ್ಕೊಂದು ತೊಡರುತ್ತಿದ್ದವು. ಮೊದಲನೆಯದು ಚಪ್ಪಟೆಯಾಯಿತು, ಬಾನಿಗೆ ಹಾಕಿದ. ಎರಡನೆಯದು ದುಂಡಗೆ ಕೂತಿತು. ಸೊಪ್ಪಿನ ಸಾರಿನ ಜೊತೆ ತಂದು ಅವಳ ಮುಂದಿಟ್ಟ.

ತಟ್ಟೆಯ ನಡುವೆ ಆ ಪುಟ್ಟ ಮುದ್ದೆ ಒಂಟಿಯಾಗಿ ಕೂತಿತ್ತು. ಆದಿಲಕ್ಷ್ಮಿ ನೋಡಿದಳು, ಗಂಡನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಯ ಕೊನೆ ಅಲುಗಿತು.

"ಏನಿದು? ಬೊಂಬೆ ಮದುವೆ ಊಟಾನಾ?"

"ಇದು ಒಂದು ಮುದ್ದೆ. ಮುರಿದಿದ್ದಲ್ಲ. ಇಡೀದು" ಎಂದ ಸೀನಪ್ಪ. "ಇಂಥವು ಎಂಟು. ಬೆಳಕರಿದಾಗ್ಲಿಂದ ಮಲಗೋ ತನಕ ಎಂಟು ಸಲ. ನಂದು ತಪ್ಪಾಯ್ತು ಲಕ್ಷ್ಮಿ. ಆಯಮ್ಮ ಎಂಟು ಸಲ ಅಂದವ್ಳೆ, ನಾನು ಎರಡು ಸಲ ಮಾಡ್ಬಿಟ್ಟೆ."

"ಎಂಟು ಸಲಾನಾ? ಗಂಡ ದುಡಿಯಕ್ಕೋಗಿ, ಎಂಡ್ತಿ ಮನೇಲಿ ಒತ್ತೊತ್ತಿಗೂ ತಿಂತಾ ಕೂತವ್ಳೆ ಅಂತ ಊರೋರು ಅನ್ನಲ್ವಾ?"

"ಯಾವನ್ ಅಂತಾನೆ? ತೋರ್ಸು, ಕೋಲು ಇಲ್ಲೇ ಐತೆ!"

ಅವಳು ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮುದ್ದೆಯ ಅಂಚಿನಿಂದ ಒಂದು ಚೂರು ತೆಗೆದು, ಸಾರಿನಲ್ಲಿ ಅದ್ದಿ ನುಂಗಿದಳು. ಸ್ವಲ್ಪ ಹೊತ್ತಿಗೆ ಮತ್ತೊಂದು. ಸೀನಪ್ಪ ಮೊದಲಿನ ಹಾಗೆ ನೆಟ್ಟ ಕಣ್ಣಿಂದ ಕಾಯದೆ, ಹಸುವಿನ ಕಡೆ ನೋಡುವವನಂತೆ ಬೆನ್ನು ತಿರುಗಿಸಿ ಕೂತ. ತಟ್ಟೆ ನೆಲಕ್ಕೆ ತಾಕಿದ ಸದ್ದಿಗೆ ತಿರುಗಿದ. ತಟ್ಟೆ ಬರಿದಾಗಿತ್ತು.

ಇನ್ನು ದಿನಾ ನಡೆಸುವುದು ಹೇಗೆ? ಅವನು ಬೆಳಿಗ್ಗೆ ಹೋದರೆ ಸಂಜೆಗೇ ಬರುವವನು. ಚಿಕ್ಕ ಮುದ್ದೆಗೆ ಇನ್ನೊಂದು ತಾಪತ್ರಯ: ಬೇಗ ಆರುತ್ತದೆ, ಆರಿದರೆ ಮೇಲೆ ತೊಗಲು ಕಟ್ಟುತ್ತದೆ. ಬೆಳಗಿನ ಹೊತ್ತಿನವನ್ನು ಒದ್ದೆ ಬಟ್ಟೆ ಸುತ್ತಿ ಹಾಟ್‌ಬಾಕ್ಸಿನಲ್ಲಿಟ್ಟು ಹೋಗುವುದು, ಮಧ್ಯಾಹ್ನದವನ್ನು ಮುನಿಗಂಗಮ್ಮ ಬಿಸಿಯಾಗಿ ಮಾಡಿಕೊಡುವುದು ಎಂದಾಯಿತು. ಬೈಸಿಕೊಂಡಿದ್ದ ಮುನಿಗಂಗಮ್ಮನ ಬಾಗಿಲಿಗೆ ಸೀನಪ್ಪನೇ ಹೋಗಿ ಕೇಳಿದ. ಅವಳು ಸುಮ್ಮನೆ ಒಪ್ಪಲಿಲ್ಲ. "ಮೊನ್ನೆ ಅಷ್ಟೊಂದು ಕೂಗಿದ್ಯಲ್ಲ ನನ್ ಮೇಲೆ, ಈಗೆಲ್ಲಿ ಓಯ್ತು ಗಂಟಲು?" ಎಂದು ಬಾಗಿಲಲ್ಲೇ ಒಂದಷ್ಟು ಹೊತ್ತು ನಿಲ್ಲಿಸಿ ಆಮೇಲೆ ಒಪ್ಪಿದಳು.

ಹೊತ್ತು ಮರೆಯದಿರಲು ಸೀನಪ್ಪ ಒಂದು ಉಪಾಯ ಹೇಳಿದ. "ರೈಲು ಕೂಗಿದಾಗ ಒಂದೊಂದು ತಿನ್ನು."

"ಬಂಗಾರಪೇಟೇಲಿ ಎಷ್ಟು ರೈಲು ಕೂಗ್ತವೆ ಅಂತ ಗೊತ್ತೈತಾ ನಿಂಗೆ? ಎಲ್ಲದಕ್ಕೂ ತಿಂದ್ರೆ ನಾನೇ ಗೂಡ್ಸ್ ಗಾಡಿ ಆಯ್ತೀನಿ" ಎಂದಳು ಆದಿಲಕ್ಷ್ಮಿ. ಕೊನೆಗೆ ಅವಳೇ ಹೊತ್ತು ಗೊತ್ತುಮಾಡಿಕೊಂಡಳು. ಎದ್ದ ಮೇಲೊಂದು, ಡೈರಿಗೆ ಹಾಲು ಹೋದ ಮೇಲೊಂದು, ನೆರಳು ಜಗಲಿ ದಾಟಿದಾಗೊಂದು, ಹೀಗೆ. ಕೊನೆಯದು ಅವನ ಜೊತೆ. ಅವನ ತಟ್ಟೆಯಲ್ಲಿ ಸೈನೈಡ್ ದಿಬ್ಬ, ಅವಳ ತಟ್ಟೆಯಲ್ಲಿ ನಿಂಬೆಹಣ್ಣು.

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ಒಂದೆರಡು ದಿನ ವಾಂತಿಯಾಯಿತು. ಒಂದು ದಿನ ಮೂರಕ್ಕೇ ಸಾಕೆಂದು ಮಲಗಿಬಿಟ್ಟಳು. ಸೀನಪ್ಪ ಆ ದಿನ ಹಿತ್ತಲಿಗೆ ಹೋಗಿ ಹಸುವಿನ ಮೇಲೆ ಕೂಗಾಡಿ ಬಂದ, ಅವಳ ಮೇಲಲ್ಲ. ಕ್ಯಾಂಟೀನಿನಲ್ಲಿ ಸುಧಾಕರ್ ಬಾಯಿಬಿಟ್ಟರೆ ಮೊದಲು ಕೇಳುತ್ತಿದ್ದುದೇ, "ಇವತ್ತ ಎಷ್ಟ್ರಿ?" ಎಂದು. "ಆರು" ಎಂದರೆ ಅವನ ಮುಖ ಸಪ್ಪಗಾಗುತ್ತಿತ್ತು, "ಎಂಟು" ಎಂದರೆ ಇನ್ನೊಂದು ಸೌಟು ಸಾರು ಕೇಳುತ್ತಿದ್ದ.

ಚೆಕಪ್ಪಿನ ದಿನ ಬಂತು. ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಹತ್ತುವ ಮುಂಚೆ ಆದಿಲಕ್ಷ್ಮಿ ಚಪ್ಪಲಿ ಬಿಟ್ಟಳು. "ಆಕ್ಕೊಂಡೇ ಅತ್ತು" ಎಂದು ಸೀನಪ್ಪ ಪಿಸುಗುಟ್ಟಿದ. ಅವಳು ಕಣ್ಣು ಕೆಕ್ಕರಿಸಿ ಬರಿಗಾಲಲ್ಲೇ ಹತ್ತಿದಳು. ಅವನು ಯಂತ್ರದ ಮುಳ್ಳನ್ನು ನೋಡಲಾರದೆ ಗೋಡೆ ನೋಡಿದ.

"ಏರಿದೆ" ಎಂದಳು ನರ್ಸು ಕಲ್ಪನ. ಬಗ್ಗಿ ಮತ್ತೊಮ್ಮೆ ನೋಡಿದಳು. "ಎರಡು ಕೆಜಿಗೆ ಸ್ವಲ್ಪ ಕಮ್ಮಿ. ಪರವಾಗಿಲ್ಲಮ್ಮ, ಚೆನ್ನಾಗೇ ಏರಿದೆ. ಪೈಪ್ ಬೇಡ. ದಿನಕ್ಕೆ ಎಷ್ಟು ತಿಂತಿದ್ದೀರಿ ಈಗ?"

"ಎಂಟು ಮುದ್ದೆ" ಎಂದಳು ಆದಿಲಕ್ಷ್ಮಿ.

ನರ್ಸಿನ ಪೆನ್ನು ನಿಂತಿತು. ಅವಳ ಕಡ್ಡಿಯಂಥ ಕೈಗಳನ್ನೊಮ್ಮೆ, ಪಕ್ಕದಲ್ಲಿ ನಿಂತ ಈ ಗಟ್ಟಿ ಆಳನ್ನೊಮ್ಮೆ ನೋಡಿದಳು. "ಎಂಟಾ? ಏನ್ರೀ, ಕೊಂದುಬಿಡ್ತೀರಾ ಅವರನ್ನ?"

"ಎರಡೇ ಕಣಮ್ಮ" ಎಂದು ಸೀನಪ್ಪ ಎರಡು ಬೆರಳು ಎತ್ತಿದ. ಆಮೇಲೆ ಬೆರಳುಗಳನ್ನು ದುಂಡಗೆ ಮಡಚಿ ನಿಂಬೆಹಣ್ಣಿನ ಗಾತ್ರ ತೋರಿಸಿದ. "ಎರಡೇ, ಆದ್ರೆ ಎಂಟು."

ಅವಳಿಗೆ ಅರ್ಥವಾಯಿತು. "ಮತ್ತೆ ಹೋದ ಸಲ ಎಷ್ಟು ಕೊಡ್ತಿದ್ರಿ?" ಎಂದು ಕೇಳಿದಳು. ಸೀನಪ್ಪ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆದಿಲಕ್ಷ್ಮಿ, "ಓದ ಸಲ ನನಗೇ ಸೇರ್ತಿರಲಿಲ್ಲ ಬಿಡಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಬಸ್‌ ಸ್ಟ್ಯಾಂಡಿನಲ್ಲಿ ಬಂಗಾರಪೇಟೆ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಅವಳು ಚೀಲದಿಂದ ಡಬ್ಬಿ ತೆಗೆದಳು. ಒದ್ದೆ ಬಟ್ಟೆಯೊಳಗೆ ಮೂರು ಮುದ್ದೆ. ಒಂದನ್ನು ತಾನು ತೆಗೆದುಕೊಂಡು, ಇನ್ನೊಂದನ್ನು ಅವನ ಕೈಗಿಟ್ಟಳು. ಬೆಳಿಗ್ಗೆಯಿಂದ ಅವನು ಹನಿ ನೀರೂ ಕುಡಿದಿರಲಿಲ್ಲ. ಅವಳು ಅದನ್ನು ನೋಡಿದ್ದಳು.

"ನಂಗ್ಯಾಕೆ? ನಿನ್ ಲೆಕ್ಕ ತಪ್ಪೋಯ್ತದೆ" ಎಂದ ಸೀನಪ್ಪ.

"ಮನೆಗೋಗಿ ಮಾಡ್ಕೊಟ್ರೆ ಸರಿಯೋಯ್ತದೆ. ನುಂಗು."

ಅವನ ಅಂಗೈಯಲ್ಲಿ ಅದು ಕಾಣುವಷ್ಟೂ ಇರಲಿಲ್ಲ. ಒಂದೇ ಗುಟುಕಿಗೆ ಇಳಿದುಹೋಗುವ ಗಾತ್ರ. ಅವನು ಹಾಗೆ ನುಂಗಲಿಲ್ಲ. ಅವಳು ತಿನ್ನುವ ಹಾಗೆಯೇ ಅಂಚಿನಿಂದ ಒಂದೊಂದೇ ಚೂರು ತೆಗೆಯುತ್ತಾ, ಅವಳದು ಮುಗಿಯುವವರೆಗೂ ತನ್ನದನ್ನು ಮುಗಿಸದೆ, ಜೊತೆಯಲ್ಲೇ ಉಂಡ.